ಬಣ್ಣ ಬಿರಿಯದಂತೆ ಮಡ್‌ಗಾರ್ಡ್ ಅಂಚು ಮಡಿಸಲು ಫೆಂಡರ್ ರೋಲರ್: ಬಳಸಿ ನೋಡಿದವನ ವಿಮರ್ಶೆ

ಮಾರುತಿ ಸ್ವಿಫ್ಟ್‌ನ ಮೇಲಿನ ದರ್ಜೆಯ ಮಾದರಿಗಳಿಗೆ ಕಂಪನಿ ಕೊಡುವ ಟೈರು 185/65 ಆರ್ 15. ಅದನ್ನು ತೆಗೆದು, ಬಲೆನೊದ ಮೇಲಿನ ಮಾದರಿಗಳಿಗೆ ಬರುವ 195/55 ಆರ್ 16 ಟೈರನ್ನು ಹೊರಗೆ ಅಂಗಡಿಯಲ್ಲಿ ಕೊಂಡ ಅಲಾಯ್ ಚಕ್ರದ ಮೇಲೆ ಕೂರಿಸಿಕೊಳ್ಳುವವರು ಬೆಂಗಳೂರಿನಲ್ಲಿ ಬಹಳ ಮಂದಿ ಇದ್ದಾರೆ. ಎರಡು ಟೈರುಗಳ ಒಟ್ಟು ವ್ಯಾಸ ಹೆಚ್ಚುಕಡಿಮೆ ಒಂದೇ, ಸುಮಾರು 621 ಮಿಲಿಮೀಟರು. ಆದ್ದರಿಂದ ಸ್ಪೀಡೋಮೀಟರ್ ತಪ್ಪು ಹೇಳುವುದಿಲ್ಲ, ಎತ್ತರವೂ ಬದಲಾಗುವುದಿಲ್ಲ. ತೊಂದರೆ ಇರುವುದು ಅಗಲದಲ್ಲಿ ಮತ್ತು ಆಫ್‌ಸೆಟ್‌ನಲ್ಲಿ, ಅಂದರೆ ರಿಮ್ಮಿನ ನಡುಗೆರೆಯಿಂದ ಅದು ಕಾರಿಗೆ ಕೂರುವ ಮುಖ ಎಷ್ಟು ಮಿಲಿಮೀಟರು ಹೊರಗಿದೆ ಎಂಬ ಅಳತೆಯಲ್ಲಿ; ಅದು ಕಡಿಮೆಯಾದಷ್ಟೂ ಚಕ್ರ ಹೊರಗೆ ಬರುತ್ತದೆ. ಹಿಂದಿನ ಸೀಟಿನಲ್ಲಿ ಮೂವರು ಕುಳಿತು, ಡಿಕ್ಕಿಯಲ್ಲಿ ಸಾಮಾನೂ ಇದ್ದು, ಕಾರು ರಸ್ತೆಯ ಉಬ್ಬೊಂದನ್ನು ಇಳಿಯುವಾಗ ‘ಸರ್‍ರ್’ ಎಂದು ಟೈರಿನ ಭುಜ ಮಡ್‌ಗಾರ್ಡಿನ ಒಳ ಅಂಚಿಗೆ ತಾಗುತ್ತದೆ. ಆ ಅಂಚು ಸುಮಾರು 0.7 ಮಿಲಿಮೀಟರ್ ದಪ್ಪದ ತಗಡು. ದಿನವೂ ತಾಗಿದರೆ ಟೈರಿನ ರಬ್ಬರನ್ನು ಸಿಪ್ಪೆ ಸುಲಿದಂತೆ ಸುಲಿಯುತ್ತದೆ, ಜೋರಾಗಿ ತಾಗಿದರೆ ಟೈರಿನ ಪಕ್ಕವನ್ನೇ ಸೀಳಬಹುದು.

ಇದಕ್ಕೆ ಪರಿಹಾರವೆಂದರೆ ಚಕ್ರದ ಕಮಾನಿನ ಒಳಕ್ಕೆ ಅಡ್ಡವಾಗಿ ಚಾಚಿಕೊಂಡಿರುವ ಆ ಅಂಚನ್ನು ಮೇಲಕ್ಕೆ, ಒಳಮೈಗೆ ಅಂಟುವಂತೆ ಮಡಿಸಿಬಿಡುವುದು. ಈ ಕೆಲಸಕ್ಕೆಂದೇ ಮಾಡಿದ ಫೆಂಡರ್ ರೋಲರ್ ಎಂಬ ಉಪಕರಣವನ್ನು ನಾನು ಆನ್‌ಲೈನಿನಲ್ಲಿ ತರಿಸಿಕೊಂಡೆ. ಯಾವ ಹೆಸರೂ ಇಲ್ಲದ, ಹಲವು ಮಾರಾಟಗಾರರು ತಮ್ಮ ತಮ್ಮ ಚೀಟಿ ಅಂಟಿಸಿ ಮಾರುವ ಬಗೆಯದು. ನನ್ನ ಸ್ವಿಫ್ಟ್‌ಗೆ, ಆಮೇಲೆ ಭಾವನ ಹೋಂಡಾ ಸಿಟಿಗೆ ಅದನ್ನು ಬಳಸಿದ್ದೇನೆ. ಎರಡೂ ಕಾರುಗಳಲ್ಲಿ ಕಂಪನಿಯ ಬಣ್ಣ ಎಲ್ಲಿಯೂ ಬಿರಿದಿಲ್ಲ. ಆದರೆ ಅದರ ಶ್ರೇಯಸ್ಸನ್ನು ಪೂರ್ತಿಯಾಗಿ ಈ ಉಪಕರಣಕ್ಕೆ ಕೊಟ್ಟರೆ ಓದುವವರಿಗೆ ಅನ್ಯಾಯವಾಗುತ್ತದೆ. ಬಣ್ಣವನ್ನು ಉಳಿಸುವುದು ಶಾಖ ಮತ್ತು ನಿಧಾನ. ರೋಲರ್ ಮಾಡುವುದು ಆ ನಿಧಾನಕ್ಕೆ ಒಂದು ಹಿಡಿತ ಕೊಡುವ ಕೆಲಸವನ್ನು.

ಮೊದಲು ಉಪಕರಣದ ಸ್ವರೂಪ ಹೇಳುತ್ತೇನೆ. ಚಕ್ರ ಬಿಚ್ಚಿದ ಮೇಲೆ ಹಬ್ಬಿಗೆ (ಚಕ್ರ ಕೂರುವ, ಅದರೊಂದಿಗೆ ತಿರುಗುವ ಭಾಗಕ್ಕೆ) ಬೋಲ್ಟ್ ಮಾಡುವ ದಪ್ಪ ಉಕ್ಕಿನ ತಟ್ಟೆಯೊಂದಿದೆ. ಅದರಲ್ಲಿ ಉದ್ದುದ್ದ ಸೀಳುಗಳನ್ನು ಕೊರೆದಿರುವುದರಿಂದ ಸ್ವಿಫ್ಟ್, ಸಿಟಿ, ಐ20ಗಳ 4×100ರಿಂದ (100 ಮಿಲಿಮೀಟರ್ ವ್ಯಾಸದ ವೃತ್ತದಲ್ಲಿ ನಾಲ್ಕು ಬೋಲ್ಟು) ಹಿಡಿದು ಒಕ್ಟೇವಿಯಾದ 5×112ರವರೆಗೆ ಎಲ್ಲವೂ ಕೂರುತ್ತವೆ. ತಟ್ಟೆಯಿಂದ ಹೊರಡುವ ತೋಳನ್ನು ಉದ್ದ ಗಿಡ್ಡ ಮಾಡಬಹುದು. ತುದಿಯಲ್ಲಿ ಪಾಲಿಯುರಿಥೇನಿನ ಉರುಳೆ, ಅದರ ಕೋನ ಬದಲಿಸಲು ಒಂದು ತಿರುಪು, ತಳ್ಳಲು ಒಂದು ಹಿಡಿ. ಕೈಯಲ್ಲಿ ಎತ್ತಿದರೆ ಭಾರವಾಗಿಯೇ ಇದೆ, ಅದು ಒಳ್ಳೆಯ ಗುಣ. ತೋಳು ಬಾಗುವುದಿಲ್ಲ, ಅಲ್ಲಾಡುವುದಿಲ್ಲ. ಬೆಸುಗೆಗಳು ನೋಡಲು ಒರಟಾಗಿದ್ದರೂ ಗಟ್ಟಿಯಾಗಿವೆ.

ಕೊರತೆ ಕಂಡದ್ದು ಸಣ್ಣ ಭಾಗಗಳಲ್ಲಿ. ಉರುಳೆಯ ಮೈಮೇಲೆ ಅಚ್ಚಿನಲ್ಲಿ ಉಳಿದ ಒಂದು ಏಣು ಸುತ್ತಲೂ ಹರಿದಿತ್ತು, ಉಗುರಿಗೆ ಸ್ಪಷ್ಟವಾಗಿ ತಾಗುವಷ್ಟು. ಶಾಖದಲ್ಲಿ ಮೆತ್ತಗಾದ ಬಣ್ಣದ ಮೇಲೆ ಅದು ಉರುಳಿದರೆ ದಾರ ಒತ್ತಿದಂತೆ ಗೆರೆ ಬೀಳುತ್ತದೆ. 400 ನಂಬರಿನ ಉಜ್ಜು ಕಾಗದವನ್ನು ನೀರಿನಲ್ಲಿ ನೆನೆಸಿ, ಉರುಳೆಯನ್ನು ತಿರುಗಿಸುತ್ತಾ ಆ ಏಣನ್ನು ಸವೆಸಿದ ಮೇಲೆಯೇ ಕಾರಿನ ಹತ್ತಿರ ತಂದೆ. ಜತೆಗೆ ಬಂದ ನಟ್ಟುಗಳು ಎಂ12×1.5 ಎಳೆಯವು, ಅಂದರೆ 12 ಮಿಲಿಮೀಟರ್ ದಪ್ಪದ ಸ್ಟಡ್ಡಿಗೆ, ಎಳೆಗಳ ನಡುವೆ 1.5 ಮಿಲಿಮೀಟರ್ ಅಂತರ. ಹೋಂಡಾ, ಹ್ಯುಂಡೈ, ಟೊಯೋಟಾಗಳಿಗೆ ಅವು ಸರಿ. ಮಾರುತಿಯ ಸ್ಟಡ್ಡುಗಳು ಎಂ12×1.25. ಎರಡು ಸುತ್ತು ಕೈಯಲ್ಲೇ ಏರಿದಂತೆ ತೋರಿ ಆಮೇಲೆ ಬಿಗಿಯಾಗುತ್ತದೆ; ಅಲ್ಲಿಂದ ಸ್ಪ್ಯಾನರ್ ಹಾಕಿ ತಿರುಗಿಸಿದರೆ ಸ್ಟಡ್ಡಿನ ಎಳೆಯೇ ಹೋಗುತ್ತದೆ. ನಮ್ಮ ದೇಶದಲ್ಲಿ ಅತಿ ಹೆಚ್ಚು ಓಡಾಡುವುದು ಮಾರುತಿ ಕಾರುಗಳಾಗಿರುವಾಗ ಈ ವಿಚಾರವನ್ನು ಡಬ್ಬಿಯ ಮೇಲೆ ಒಂದು ಸಾಲಿನಲ್ಲಾದರೂ ಮುದ್ರಿಸಬೇಕಾಗಿತ್ತು. ಕಾರಿನ ಸ್ವಂತ ನಟ್ಟುಗಳನ್ನೇ ವಾಷರ್ ಸೇರಿಸಿ ಬಳಸುವುದು ಸುರಕ್ಷಿತ. ಫೋಕ್ಸ್‌ವ್ಯಾಗನ್, ಸ್ಕೋಡಾ ಕಾರುಗಳಲ್ಲಿ ಸ್ಟಡ್ಡುಗಳೇ ಇರುವುದಿಲ್ಲ, ಎಂ14×1.5 ಬೋಲ್ಟುಗಳಿರುತ್ತವೆ, ಅವುಗಳ ಮಾಲೀಕರು ತಟ್ಟೆಯ ದಪ್ಪಕ್ಕೆ ಹೊಂದುವ ಉದ್ದದ ಬೋಲ್ಟುಗಳನ್ನು ಮೊದಲೇ ಹುಡುಕಿಕೊಳ್ಳಬೇಕು.

ರೋಲರ್ ಕೊಳ್ಳುವ ಮೊದಲು ಅದು ನಿಮಗೆ ನಿಜವಾಗಿ ಬೇಕೇ ಎಂದು ಲೆಕ್ಕ ಹಾಕಿ ನೋಡುವುದು ಒಳ್ಳೆಯದು. 6ಜೆ (6 ಇಂಚು) ಅಗಲದ, ಆಫ್‌ಸೆಟ್ 40 ಇರುವ ರಿಮ್ಮಿನಿಂದ 7ಜೆ, ಆಫ್‌ಸೆಟ್ 35ರ ರಿಮ್ಮಿಗೆ ಹೋದಿರಿ ಎಂದುಕೊಳ್ಳಿ. ಒಂದು ಇಂಚು, ಅಂದರೆ 25.4 ಮಿಲಿಮೀಟರು, ಎರಡು ಪಕ್ಕಕ್ಕೂ ಸಮವಾಗಿ ಹಂಚಿ 12.7 ಹೊರಗೆ ಬರುತ್ತದೆ. ಆಫ್‌ಸೆಟ್ ಐದು ಕಡಿಮೆಯಾದದ್ದರಿಂದ ಇನ್ನೂ ಐದು. ಒಟ್ಟು 17.7 ಮಿಲಿಮೀಟರು ರಿಮ್ಮು ಹೊರಗೆ ಬಂತು. ಅದೇ 7ಜೆ ರಿಮ್ಮನ್ನು ಆಫ್‌ಸೆಟ್ 45ರಲ್ಲಿ ಆರಿಸಿಕೊಂಡಿದ್ದರೆ ಹೊರಗೆ ಬರುವುದು ಬರೀ 7.7, ಒಳಗಡೆ ಶಾಕ್ ಅಬ್ಸಾರ್ಬರ್‌ಗೆ ತಾಗದಷ್ಟು ಜಾಗವಿದ್ದರೆ ಮಡ್‌ಗಾರ್ಡಿಗೆ ಕೈ ಹಚ್ಚುವ ಪ್ರಮೇಯವೇ ಇರಲಿಲ್ಲ. ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ ಚಕ್ರ ಕೊಳ್ಳುವಾಗ ವಿನ್ಯಾಸದ ಬಗ್ಗೆ ಅರ್ಧ ಗಂಟೆ ಮಾತಾಡುವ ನಾವು ಆಫ್‌ಸೆಟ್ ಕೇಳುವುದೇ ಇಲ್ಲ. ಅದು ಕಡ್ಡಿಗಳ ಹಿಂಬದಿಯಲ್ಲಿ ‘ಇಟಿ’ ಎಂಬ ಅಕ್ಷರಗಳ ಪಕ್ಕದಲ್ಲಿ ಅಚ್ಚಾಗಿರುತ್ತದೆ, ತಿರುಗಿಸಿ ನೋಡಿದರೆ ಸಾಕು. ಮುಂದಿನ ಚಕ್ರಗಳಲ್ಲಾದರೆ ಚಕ್ರದ ವಾಲು ಬದಲಿಸುವ ಕ್ಯಾಂಬರ್ ಬೋಲ್ಟ್ ಹಾಕಿ ಒಂದು ಡಿಗ್ರಿ ಒಳವಾಲಿಸಿದರೂ ಟೈರಿನ ಮೇಲ್ತುದಿ ಐದು ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚೇ ಒಳಗೆ ಸರಿಯುತ್ತದೆ. ಹಿಂಬದಿ ಎರಡು ಚಕ್ರಗಳನ್ನೂ ಜೋಡಿಸುವ ಟಾರ್ಷನ್ ಬೀಮ್ ಎಂಬ ತೊಲೆ ಇರುವ ಸ್ವಿಫ್ಟ್‌ನಂಥ ಕಾರುಗಳಲ್ಲಿ ಆ ಅನುಕೂಲವಿಲ್ಲ.

ತಾಗುವುದು ಎಲ್ಲಿ ಎಂಬುದನ್ನೂ ಖಚಿತ ಮಾಡಿಕೊಳ್ಳಬೇಕು. ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಮಾತ್ರ ಸದ್ದು ಬಂದರೆ ಟೈರು ಕಮಾನಿನೊಳಗಿನ ಪ್ಲಾಸ್ಟಿಕ್ ಹೊದಿಕೆಯಾದ ಲೈನರಿಗೋ ಬಂಪರಿನ ಹಿಂದುಗಡೆಗೋ ತಾಗುತ್ತಿದೆ ಎಂದರ್ಥ. ಅಂಚು ಎಷ್ಟು ಮಡಿಸಿದರೂ ಅದು ಹೋಗುವುದಿಲ್ಲ. ನಾನು ಮಕ್ಕಳು ಆಡುವ ಬಣ್ಣದ ಜೇಡಿಯನ್ನು ಅಂಚಿನ ಒಳಗಡೆ ಕಮಾನಿನುದ್ದಕ್ಕೂ ಉಂಡೆ ಉಂಡೆಯಾಗಿ ಅಂಟಿಸಿ, ಐದು ಜನರನ್ನು ಕೂರಿಸಿಕೊಂಡು ಬಡಾವಣೆಯ ಉಬ್ಬುಗಳ ಮೇಲೆ ಸುತ್ತಿ ಬಂದೆ. ಗಡಿಯಾರದ ಹತ್ತರಿಂದ ಎರಡರವರೆಗಿನ ಭಾಗದಲ್ಲಿ ಮಾತ್ರ ಉಂಡೆಗಳು ಚಪ್ಪಟೆಯಾಗಿದ್ದವು, ಒಂದೆರಡರ ಮೇಲೆ ಟೈರಿನ ಪಕ್ಕದ ಸಣ್ಣ ಗೆರೆಗಳ ಅಚ್ಚು ಸಹ ಮೂಡಿತ್ತು. ಎಷ್ಟು ಮಡಿಸಬೇಕು, ಎಲ್ಲಿಂದ ಎಲ್ಲಿಗೆ ಮಡಿಸಬೇಕು ಎಂಬುದು ಆ ಜೇಡಿಯಿಂದಲೇ ತಿಳಿಯಿತು. ಕಮಾನನ್ನು ಇಡಿಯಾಗಿ ಚಪ್ಪಟೆ ಮಾಡುವುದು ಅನೇಕ ಸಲ ಅನಗತ್ಯ. ಅರ್ಧ ಮಡಿಸಿ ನಿಲ್ಲಿಸಿದರೆ ಜಾಗವೂ ಸಿಗುತ್ತದೆ, ಬಣ್ಣದ ಮೇಲಿನ ಎಳೆತವೂ ಅರ್ಧಕ್ಕೆ ನಿಲ್ಲುತ್ತದೆ.

ಈಗ ಬಣ್ಣದ ವಿಷಯ. ಕಾರ್ಖಾನೆಯಲ್ಲಿ ತಗಡಿನ ಮೇಲೆ ವಿದ್ಯುತ್ತಿನಿಂದ ಹಿಡಿಸಿದ ಪ್ರೈಮರ್, ಅದರ ಮೇಲೆ ಇನ್ನೊಂದು ಪ್ರೈಮರ್, ಬಣ್ಣದ ಪದರ, ಮೇಲಿನ ಪಾರದರ್ಶಕ ಕ್ಲಿಯರ್ ಕೋಟ್ ಎಲ್ಲ ಸೇರಿ ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ ಇರುತ್ತದೆ. ಅಂಚನ್ನು ಮಡಿಸುವಾಗ ಬಾಗಿನ ಹೊರಮೈಯಲ್ಲಿರುವ ಬಣ್ಣ ಹಿಗ್ಗಬೇಕಾಗುತ್ತದೆ. ತಣ್ಣಗಿರುವ ಕ್ಲಿಯರ್ ಕೋಟ್ ಗಾಜಿನ ಸ್ವಭಾವದ್ದು, ಹಿಗ್ಗುವ ಬದಲು ಬಿರಿಯುತ್ತದೆ. ಬಿಸಿ ಮಾಡಿದಾಗ ಅದರ ರಾಳ ರಬ್ಬರಿನ ಸ್ವಭಾವಕ್ಕೆ ತಿರುಗಿ ತಗಡಿನ ಜತೆ ಹೊಂದಿಕೊಂಡು ಬಾಗುತ್ತದೆ. 50ರಿಂದ 60 ಡಿಗ್ರಿ ಸೆಲ್ಸಿಯಸ್ ಮೇಲ್ಮೈ ಶಾಖ ಸಾಕು. ಹೀಟ್ ಗನ್ನಿನ ಬಾಯಿಂದ ಹೊರಡುವ ಗಾಳಿ 300 ಡಿಗ್ರಿಗೂ ಮೇಲಿರುತ್ತದೆ ಎಂಬುದನ್ನು ಮರೆತು ಒಂದೇ ಕಡೆ ಹಿಡಿದು ನಿಂತರೆ ಕ್ಲಿಯರ್ ಕೋಟ್ ಗುಳ್ಳೆ ಏಳುತ್ತದೆ. ಆದ್ದರಿಂದ ಒಂದು ಗೇಣು ದೂರದಿಂದ, ಕೈ ನಿಲ್ಲಿಸದೆ, ಅಂಚಿನ ಒಳಗಡೆಯನ್ನೂ ಹೊರಗಡೆಯನ್ನೂ ಕಾಯಿಸಬೇಕು. ಕೈಯಿಂದ ಮುಟ್ಟಿ ಅಂದಾಜು ಮಾಡುವುದಕ್ಕಿಂತ ಎಸ್.ಪಿ. ರಸ್ತೆಯಲ್ಲಿ ಸಿಗುವ ಇನ್‌ಫ್ರಾರೆಡ್ ಥರ್ಮಾಮೀಟರ್ ಒಂದನ್ನು ಕೊಳ್ಳುವುದು ಉತ್ತಮ. ಅದು ಬಣ್ಣದ ಮೇಲೆ ಸರಿಯಾದ ಅಂಕಿ ತೋರಿಸುತ್ತದೆ, ಹೊಳೆಯುವ ಬರಿ ಲೋಹದ ಮೇಲೆ ತೀರ ಕಡಿಮೆ ತೋರಿಸುತ್ತದೆ. ಹಾಗಾಗಿ ಬಣ್ಣವಿರುವ ಜಾಗಕ್ಕೇ ಗುರಿಯಿಡಬೇಕು.

ಇಷ್ಟೆಲ್ಲ ಏಕೆ ಹೇಳುತ್ತಿದ್ದೇನೆಂದರೆ, ಭಾವ ತಮ್ಮ ಹಿಂದಿನ ಕಾರಿಗೆ ಇದೇ ಕೆಲಸವನ್ನು ನಗರದ ಒಂದು ಟಿಂಕರಿಂಗ್ ಅಂಗಡಿಯಲ್ಲಿ ಮಾಡಿಸಿದ್ದರು. ಅಲ್ಲಿ ಶಾಖ ಕೊಡದೆ, ಟೈರಿಗೂ ಅಂಚಿಗೂ ನಡುವೆ ಕಬ್ಬಿಣದ ಪೈಪು ತೂರಿಸಿ, ಕಾರನ್ನು ಹಿಂದೆ ಮುಂದೆ ತಳ್ಳಿ ಮುಗಿಸಿದರು. ಆ ದಿನ ಏನೂ ಕಾಣಲಿಲ್ಲ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಿಳಿ ಬಣ್ಣದ ಅಂಚಿನುದ್ದಕ್ಕೂ ಕೂದಲಿನಂಥ ಕಂದು ಗೆರೆಗಳು ಮೂಡಿದವು. ಬಿಳಿಯ ಮೇಲೆ ಹೊಸ ಬಿರುಕು ಕಣ್ಣಿಗೆ ಬೀಳುವುದಿಲ್ಲ, ತುಕ್ಕು ಬಂದ ಮೇಲೆಯೇ ಕಾಣುವುದು. ಕಮಾನಿನ ಆಕಾರವೂ ಒಂದೆಡೆ ಹೊರಕ್ಕೆ ಉಬ್ಬಿತ್ತು, ಏಕೆಂದರೆ ಪೈಪಿಗೆ ಕೋನವೆಂಬುದು ಇರುವುದಿಲ್ಲ. ಅದು ಅಂಚನ್ನು ಮಡಿಸುವಷ್ಟೇ ಬಲದಿಂದ ಇಡೀ ಮಡ್‌ಗಾರ್ಡನ್ನು ಹೊರಗೆ ನೂಕುತ್ತದೆ. ರೋಲರಿನ ನಿಜವಾದ ಬೆಲೆ ಇರುವುದು ಇಲ್ಲಿಯೇ. ತಿರುಪನ್ನು ಕಾಲು ಸುತ್ತು ಬಿಗಿಸಿದರೆ ಉರುಳೆಯ ಕೋನ ಸ್ವಲ್ಪವೇ ಬದಲಾಗುತ್ತದೆ, ಬಲ ಬೇಕಾದ ಕಡೆಗೇ ಹೋಗುತ್ತದೆ.

ಕೆಲಸದ ದಿನ ಕಾರನ್ನು ಸಮತಟ್ಟಾದ ನೆಲದಲ್ಲಿ ನಿಲ್ಲಿಸಿ, ಜ್ಯಾಕ್ ಸ್ಟ್ಯಾಂಡಿನ ಮೇಲೆ ಕೂರಿಸಿ, ನೆಲದಲ್ಲಿರುವ ಚಕ್ರಗಳಿಗೆ ಎರಡೂ ಕಡೆ ಅಡೆ ಕೊಡಬೇಕು. ಈ ಉಪಕರಣದಲ್ಲಿ ತೋಳು ಓಲಾಡುವಾಗ ಹಬ್ಬೇ ತಿರುಗಬೇಕಾದ್ದರಿಂದ ಗಾಡಿ ನ್ಯೂಟ್ರಲ್‌ನಲ್ಲಿರಬೇಕು, ಹಿಂಚಕ್ರದ ಸರದಿಯಲ್ಲಿ ಹ್ಯಾಂಡ್‌ಬ್ರೇಕೂ ಬಿಟ್ಟಿರಬೇಕು; ಅಡೆಯ ವಿಷಯದಲ್ಲಿ ಉದಾಸೀನ ಸಲ್ಲದು ಎನ್ನುವುದು ಅದಕ್ಕಾಗಿ. ಲೈನರಿನ ತಿರುಪು, ಕ್ಲಿಪ್ಪುಗಳನ್ನು ಬಿಚ್ಚಿ ಅದನ್ನು ಹಿಂದಕ್ಕೆ ಸರಿಸಿದಾಗ ಅಂಚಿನ ಮೇಲೆ ವರ್ಷಗಳ ಮಣ್ಣು ಗಟ್ಟಿಯಾಗಿ ಕುಳಿತಿರುವುದು ಕಾಣುತ್ತದೆ. ಅದನ್ನು ತೊಳೆದು, ಒಣಗಿಸಿ, ಬಟ್ಟೆಯಿಂದ ಒರೆಸಬೇಕು. ಒಂದೇ ಒಂದು ಮರಳಿನ ಕಣ ಉರುಳೆಯ ಕೆಳಗೆ ಸಿಕ್ಕಿದರೂ ಬಣ್ಣ ತಗಡಿನವರೆಗೆ ಕೊರೆಯುತ್ತದೆ.

ಕೈಪಿಡಿಯಲ್ಲಿ ಇಲ್ಲದ ಒಂದು ಮುಖ್ಯ ಸಂಗತಿ ಇದೆ. ಜ್ಯಾಕಿನ ಮೇಲೆ ಕಾರು ಎತ್ತಿದಾಗ ಹಬ್ಬು ಜೋತುಬಿದ್ದು ಕಮಾನಿನ ಕೇಂದ್ರಕ್ಕಿಂತ ಬಹಳ ಕೆಳಗೆ ಇರುತ್ತದೆ. ಆ ಸ್ಥಿತಿಯಲ್ಲಿ ತೋಳು ಓಲಾಡಿದರೆ ಉರುಳೆ ಬರೆಯುವ ವೃತ್ತವೂ ಕಮಾನಿನ ವೃತ್ತವೂ ಹೊಂದುವುದಿಲ್ಲ. ನೆತ್ತಿಯಲ್ಲಿ ಸಡಿಲ, ಪಕ್ಕಗಳಲ್ಲಿ ಬಿಗಿ. ಇನ್ನೊಂದು ಜ್ಯಾಕಿನಿಂದ ಸಸ್ಪೆನ್ಶನ್ ತೋಳನ್ನು, ಕಾರು ಸ್ಟ್ಯಾಂಡಿನಿಂದ ಏಳದ ಹಾಗೆ ನೋಡಿಕೊಂಡು, ನೆಲದ ಮೇಲೆ ನಿಂತಾಗಿನ ಮಟ್ಟಕ್ಕೆ ಎತ್ತಿದರೆ ಎರಡು ವೃತ್ತಗಳು ಸಾಕಷ್ಟು ಒಂದಾಗುತ್ತವೆ. ಆಗಲೂ ಉಳಿಯುವ ವ್ಯತ್ಯಾಸಕ್ಕೆ ತೋಳಿನ ಉದ್ದವನ್ನು ಆಗಾಗ ಸರಿಮಾಡಿಕೊಳ್ಳುತ್ತಿರಬೇಕು. ನನ್ನ ಉಪಕರಣದಲ್ಲಿ ಆ ಹೊಂದಾಣಿಕೆಯ ಬೀಗ ಸ್ವಲ್ಪ ಒರಟು, ಪ್ರತಿ ಸಲವೂ ಸ್ಪ್ಯಾನರ್ ಬೇಕಾಗುತ್ತದೆ. ಒಂದು ಕೈಯಲ್ಲಿ ಹೀಟ್ ಗನ್ ಹಿಡಿದಿರುವಾಗ ಇದು ತಾಳ್ಮೆ ಕೆಡಿಸುವ ಸಂಗತಿ. ಜತೆಗೆ ಇನ್ನೊಬ್ಬರಿದ್ದರೆ ಕೆಲಸ ಎಷ್ಟೋ ಹಗುರ. ಭಾವ ಶಾಖ ಕೊಡುತ್ತಾ ಹೋದರು, ನಾನು ಉರುಳಿಸುತ್ತಾ ಹೋದೆ.

ಉರುಳಿಸುವ ಕ್ರಮ ಸರಳ. ಮೊದಲು ಉರುಳೆ ಅಂಚಿಗೆ ಬರೀ ತಾಗುವಂತೆ ಇಟ್ಟು ಹಲವು ಸಲ ಓಲಾಡಿಸಿ, ಒಂದು ಗೇಣಿನಷ್ಟು ಭಾಗವನ್ನು ಕಾಯಿಸಿ ಉರುಳಿಸಿ ಮುಂದಿನ ಗೇಣಿಗೆ ಹೋಗಬೇಕು. ಇಡೀ ಕಮಾನು ಒಂದು ಸುತ್ತು ಮುಗಿದ ಮೇಲೆ ಮಾತ್ರ ತಿರುಪನ್ನು ಕಾಲು ಸುತ್ತು ಹೆಚ್ಚಿಸಬೇಕು. 45 ಡಿಗ್ರಿಗೆ ಬಂದಾಗ ನಿಲ್ಲಿಸಿ, ಟಾರ್ಚನ್ನು ಬಣ್ಣಕ್ಕೆ ಸಮಾನಾಂತರವಾಗಿ ಹಿಡಿದು, ಬಾಗಿನ ಗೆರೆಯನ್ನು ತುದಿಯಿಂದ ತುದಿಗೆ ನೋಡಬೇಕು. ಹೊಳಪು ಒಂದೇ ಸಮ ಹರಿದಿದ್ದರೆ ಬಣ್ಣ ಕ್ಷೇಮ. ಎಲ್ಲಾದರೂ ಹೊಳಪು ಮಂಕಾಗಿ ಹಾಲಿನಂತೆ ಬೆಳ್ಳಗೆ ಕಂಡರೆ ಅಲ್ಲಿ ಕ್ಲಿಯರ್ ಕೋಟ್ ದಣಿದಿದೆ ಎಂದು ತಿಳಿದು ಅಲ್ಲಿಗೇ ಬಿಡಬೇಕು. ಕೆಲವರು ಹೊರಗಡೆಯ ಬಣ್ಣಕ್ಕೆ ಮಾಸ್ಕಿಂಗ್ ಟೇಪ್ ಅಂಟಿಸಿ ಕೆಲಸ ಮಾಡುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಉರುಳೆ ಹೊರಮೈಯನ್ನು ಮುಟ್ಟುವುದೇ ಇಲ್ಲ. ಟೇಪು ಬಿರುಕಿನ ಮೊದಲ ಸೂಚನೆಯನ್ನು ಮರೆಮಾಡುತ್ತದೆ, ಮೇಲಾಗಿ ಶಾಖಕ್ಕೆ ಅದರ ಅಂಟು ಬಣ್ಣಕ್ಕೆ ಹಿಡಿದುಕೊಳ್ಳುತ್ತದೆ. ಒಂದು ಕಮಾನಿಗೆ ಒಂದು ತಾಸು ಕೊಡಲು ಸಿದ್ಧರಿಲ್ಲದವರು ಈ ಕೆಲಸಕ್ಕೆ ಇಳಿಯಬಾರದು.

ಮುಂದಿನ ಮಡ್‌ಗಾರ್ಡು ಬೋಲ್ಟಿನಿಂದ ಕೂರಿಸಿದ ಒಂಟಿ ತಗಡು, ಸುಲಭವಾಗಿ ಮಣಿಯುತ್ತದೆ, ಕೆಟ್ಟರೂ ಬದಲಿಸಬಹುದು. ಹಿಂಬದಿ ಹಾಗಲ್ಲ. ಅಲ್ಲಿ ಹೊರ ತಗಡು ಮತ್ತು ಒಳ ತಗಡು ಅಂಚಿನಲ್ಲಿ ಒಂದಕ್ಕೊಂದು ಸ್ಪಾಟ್ ವೆಲ್ಡ್ ಆಗಿರುತ್ತವೆ, ಸಂದಿಗೆ ಸೀಲಂಟ್ ತುಂಬಿರುತ್ತದೆ. ಎರಡು ಪದರ ಮಣಿಯಲು ಹೆಚ್ಚು ಸುತ್ತು ಬೇಕು, ಮಣಿದಾಗ ಆ ಸೀಲಂಟ್ ಖಂಡಿತ ಒಡೆಯುತ್ತದೆ. ಹೆಚ್ಚಿನ ನಾಲ್ಕು ಬಾಗಿಲಿನ ಕಾರುಗಳಲ್ಲಿ ಹಿಂಬಾಗಿಲಿನ ಕೆಳತುದಿ ಕಮಾನಿನ ಸಮೀಪಕ್ಕೇ ಬರುವುದರಿಂದ, ಅಲ್ಲಿ ಅತಿಯಾಗಿ ಒತ್ತಿದರೆ ಬಾಗಿಲು ಮತ್ತು ಮಡ್‌ಗಾರ್ಡಿನ ನಡುವಿನ ಸಂದಿಯ ಅಂದ ಕೆಡುತ್ತದೆ. ಪೆಟ್ರೋಲ್ ಹಾಕುವ ಬದಿಯಲ್ಲಿ ಲೈನರಿನ ಹಿಂದೆ ಟ್ಯಾಂಕಿಗೆ ಹೋಗುವ ಕೊಳವೆ ಇರುತ್ತದೆ. ಆ ಕಡೆಗೆ ಹೀಟ್ ಗನ್ನಿನ ಬಾಯಿ ತಿರುಗಲೇಕೂಡದು. ಬಂಪರಿನ ತುದಿಗಳು ಪ್ಲಾಸ್ಟಿಕ್ ಆದ್ದರಿಂದ ಅವನ್ನು ಸಡಿಲಿಸಿ ದೂರ ಸರಿಸುವುದು ವಾಸಿ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. ಹಿಂದೆ ಎಂದಾದರೂ ಟಿಂಕರಿಂಗ್ ಮಾಡಿಸಿ ಪುಟ್ಟಿ ತುಂಬಿ ಬಣ್ಣ ಬಳಿದ ಮಡ್‌ಗಾರ್ಡಿಗೆ ಈ ವಿಧಾನ ಸಲ್ಲುವುದಿಲ್ಲ. ಪುಟ್ಟಿ ಎಷ್ಟು ಕಾಯಿಸಿದರೂ ಹಿಗ್ಗುವುದಿಲ್ಲ, ತುಂಡಾಗಿ ಉದುರುತ್ತದೆ. ಹಳೆಯ ಕಾರು ಕೊಂಡವರು ಬಣ್ಣದ ದಪ್ಪ ಅಳೆಯುವ ಮಾಪಕದಿಂದ ಮೊದಲು ಪರೀಕ್ಷಿಸಬೇಕು. ಅಂಕಿ ಸಾವಿರ ಮೈಕ್ರಾನ್ ದಾಟಿದರೆ ಕೆಳಗೆ ಪುಟ್ಟಿ ಇದೆ ಎಂದೇ ಲೆಕ್ಕ. ಮಾಪಕ ಇಲ್ಲದಿದ್ದರೆ ಸಣ್ಣ ಅಯಸ್ಕಾಂತವೊಂದು ಬಟ್ಟೆಯ ಮೇಲಿಂದ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಎರಡೂ ಬದಿ ಹೋಲಿಸಿ ನೋಡಬಹುದು. ಹಾಗೆಯೇ ಅಂಚನ್ನು ಮಡಿಸಿಯೂ ಸಾಲದೆ ಮಡ್‌ಗಾರ್ಡನ್ನೇ ಹೊರಗೆಳೆಯುವ ಕೆಲಸಕ್ಕೂ ಇದೇ ರೋಲರ್ ಬಳಸಬಹುದು ಎಂದು ಮಾರಾಟದ ವಿವರಣೆಯಲ್ಲಿ ಹೇಳುತ್ತಾರೆ. ಆಗುತ್ತದೆ, ಆದರೆ ಬಣ್ಣ ಉಳಿಸಬೇಕೆಂಬ ಆಸೆ ಇದ್ದವರು ಅದನ್ನು ಮಾಡಬಾರದು.

ಮಡಿಸಿದ ಮೇಲಿನ ಕೆಲಸವನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಮಡಿಕೆಯ ಒಳಗೆ ಈಗ ನೀರು, ಕೆಸರು ನಿಲ್ಲಲು ಒಂದು ಸಂದಿ ಹುಟ್ಟಿಕೊಂಡಿದೆ. ಒಡೆದ ಹಳೆಯ ಸೀಲಂಟನ್ನು ಕೆರೆದು, ಬರಿ ಲೋಹ ಕಂಡಲ್ಲಿ ಪ್ರೈಮರ್ ಮುಟ್ಟಿಸಿ, ಹೊಸ ಪಿಯು (ಪಾಲಿಯುರಿಥೇನ್) ಸೀಲಂಟ್ ಎಳೆದು, ಅದು ಒಣಗಿದ ಮೇಲೆ ತುಕ್ಕು ನಿರೋಧಕ ಮೇಣವನ್ನು ಸಿಂಪಡಿಸಿದರೆ ಮಾತ್ರ ಕೆಲಸ ಪೂರ್ತಿಯಾದಂತೆ. ಮಂಗಳೂರು, ಉಡುಪಿ, ಕಾರವಾರದ ಕಡೆಯವರಿಗೆ ಇದು ಇನ್ನೂ ಅಗತ್ಯ; ಉಪ್ಪುಗಾಳಿಯೂ ತಿಂಗಳುಗಟ್ಟಲೆ ಸುರಿಯುವ ಮಳೆಯೂ ಸೇರಿದ ಊರುಗಳಲ್ಲಿ ಹಿಂದಿನ ಕಮಾನಿನ ಸಂದಿಯಿಂದಲೇ ತುಕ್ಕು ಮೇಲೇರುತ್ತದೆ. ಚಕ್ರ ಹಾಕಿದ ಮೇಲೆ ನಟ್ಟುಗಳನ್ನು ಟಾರ್ಕ್ ರೆಂಚಿನಿಂದಲೇ, ಕಾರಿನ ಕೈಪಿಡಿಯಲ್ಲಿ ಕೊಟ್ಟ ಅಳತೆಗೆ ಬಿಗಿಸಬೇಕು; ಸಿಟಿಗೆ ಅದು 108 ನ್ಯೂಟನ್ ಮೀಟರ್.

ಕಾನೂನಿನ ಮಾತನ್ನೂ ಹೇಳಿಬಿಡುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮು ತಯಾರಕರು ಕೊಟ್ಟ ಮೂಲ ವಿವರಗಳಿಗೆ ವಿರುದ್ಧವಾಗುವಂತೆ ವಾಹನ ಮಾರ್ಪಡಿಸುವುದನ್ನು ನಿಷೇಧಿಸುತ್ತದೆ, 2019ರಲ್ಲಿ ಸುಪ್ರೀಂ ಕೋರ್ಟ್ ಸಹ ಅದನ್ನು ಎತ್ತಿಹಿಡಿದಿದೆ. ಟೈರು ಮಡ್‌ಗಾರ್ಡಿನಿಂದ ಹೊರಗೆ ಚಾಚುವಂಥ ಚಕ್ರ ಹಾಕಿಕೊಂಡು, ಅದಕ್ಕಾಗಿ ಅಂಚು ಮಡಿಸಲು ಹೊರಡುವವರಿಗೆ ನನ್ನ ಬೆಂಬಲವಿಲ್ಲ. ಚಕ್ರ ಬದಲಿಸಿದ್ದನ್ನು ವಿಮಾ ಕಂಪನಿಗೆ ಬರೆದು ತಿಳಿಸುವುದು ಎಲ್ಲರಿಗೂ ಕ್ಷೇಮ.

ಮಳೆಗಾಲ ಮುಗಿದ ಮೇಲೆ ಲೈನರ್ ಬಿಚ್ಚಿ ನನ್ನ ಸ್ವಿಫ್ಟ್‌ನ ಎರಡು ಹಿಂಬದಿ ಕಮಾನುಗಳನ್ನೂ ನೋಡಿದೆ. ಸೀಲಂಟ್ ಅಲುಗಿಲ್ಲ, ಬಾಗಿನ ಗೆರೆಯಲ್ಲಿ ಹೊಳಪು ಹಾಗೆಯೇ ಇದೆ, ತುಂಬಿದ ಕಾರು ಉಬ್ಬು ಇಳಿದರೂ ಸದ್ದಿಲ್ಲ. ಸ್ವಂತ ಕಾರಿಗೆ ಒಮ್ಮೆ ಬೇಕಾಗುವ ಉಪಕರಣವನ್ನು ಒಬ್ಬರೇ ಕೊಳ್ಳುವುದಕ್ಕಿಂತ, ಇಂಥ ಆಸಕ್ತಿಯ ನಾಲ್ಕು ಸ್ನೇಹಿತರು ಸೇರಿ ಕೊಳ್ಳುವುದು ಹೆಚ್ಚು ಒಪ್ಪುವ ವ್ಯವಹಾರ. ನನ್ನದೂ ಈಗ ಕೈಯಿಂದ ಕೈಗೆ ಓಡಾಡುತ್ತಿದೆ. ಕೊಳ್ಳುವವರು ಡಬ್ಬಿ ಬಿಚ್ಚಿದ ಕೂಡಲೇ ಉರುಳೆಯ ಬೇರಿಂಗ್ ಸಲೀಸಾಗಿ ತಿರುಗುತ್ತದೆಯೇ, ತೋಳಿನ ಕೀಲಿನಲ್ಲಿ ಸಡಿಲವಿದೆಯೇ ನೋಡಿ, ಇದ್ದರೆ ಹಿಂದಿರುಗಿಸಿ. ಮಾರುವವರು ಎಂ12×1.25ರ ನಾಲ್ಕು ನಟ್ಟುಗಳನ್ನೂ ಏಣಿಲ್ಲದ ಒಂದು ಉರುಳೆಯನ್ನೂ ಡಬ್ಬಿಯೊಳಗೆ ಸೇರಿಸಿ ಕೊಟ್ಟರೆ, ಅದಕ್ಕಾಗಿ ಸ್ವಲ್ಪ ಹೆಚ್ಚು ಬೆಲೆ ತೆರಲು ನಾನು ಸಂತೋಷದಿಂದ ಒಪ್ಪುತ್ತೇನೆ.